ಮಂಗಳವಾರದ ನೀರು

ಕಂಡಕ್ಟರಮ್ಮ ಕೂಗಿದರೆ ಮೂರು ಹೊಲದಾಚೆಗೆ ಕೇಳಿಸುತ್ತಿತ್ತು. ಮೂವತ್ತೊಂದು ವರ್ಷ ಬಸ್ಸಿನ ಇಂಜಿನ್ನಿನ ಜೊತೆ ಜಿದ್ದಿಗೆ ಬಿದ್ದು ಬೆಳೆದ ಗಂಟಲು ಅದು. ಆದರೆ ಆ ಮಂಗಳವಾರ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ನಿಂತವಳಿಗೆ ಮೊದಲು ದನಿಯೇ ಹೊರಡಲಿಲ್ಲ. ಹೊಲಕ್ಕೆ ನೀರು ಬಿಡಲು ಅವಳು ಆಗಷ್ಟೇ ಎತ್ತಿಟ್ಟಿದ್ದ ಕಾಲುವೆಯ ಹಲಗೆಯನ್ನು ನೀರುಗಂಟಿ ಬಂದವನೇ ಕೈಗೆತ್ತಿಕೊಂಡು, ಮತ್ತೆ ಅದರ ಸಂದಿಗೆ ಇಳಿಸಿ, ಕಾಲಿನಿಂದ ಒತ್ತಿ ಭದ್ರ ಮಾಡಿದ. ಅವಳ ಹೊಲದೊಳಗೆ ಎರಡು ಮಾರು ಹರಿದು ಬಂದಿದ್ದ ನೀರು ಅಲ್ಲೇ ನಿಂತು, ನೋಡನೋಡುತ್ತಿದ್ದಂತೆ ಇಂಗಿಹೋಯಿತು.

"ಏನ್ ಮಾಡ್ತಾ ಇದೀಯಪ್ಪಾ?"

"ಇವತ್ತು ಮಂಗಳವಾರ, ತಾಯಿ."

"ಮಂಗಳವಾರ ಅಂತಾನೇ ಎತ್ತಿದ್ದು. ನಾವು ಹೊಲ ನೋಡೋಕೆ ಬಂದಾಗ ಮಂಗಳವಾರಾನೇ ನೀರು ಬರ್ತಿತ್ತು. ಇವತ್ತು ನಮ್ಮ ಪಾಳಿ."

ನೀರುಗಂಟಿ ತಲೆ ಕೆರೆದುಕೊಂಡ. ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ. ಮೇಲಿನ ಕೆರೆಯ ತೂಬು ತೆಗೆಯುವುದು, ಯಾವ ದಿನ ಯಾರ ಹೊಲಕ್ಕೆ ನೀರು ಹೋಗಬೇಕೋ ಅವರ ಹಲಗೆ ಎತ್ತುವುದು, ಸಂಜೆಗೆ ಇಳಿಸುವುದು, ಇಷ್ಟೇ ಅವನ ಕೆಲಸ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿರಲಿಲ್ಲ. ಜಗಳವೆಂದರೆ ಅವನಿಗೆ ಆಗದು. ನೆಲ ನೋಡುತ್ತಾ ಹೇಳಿದ:

"ಮಂಗಳವಾರ ಹಾಲಿನಕ್ಕನದು. ಗುರುವಾರಾನೂ ಅವರದೇ. ನಿಮ್ಮ ಹೊಲಕ್ಕೆ ಪಾಳಿ ಇಲ್ಲ."

"ಈ ವಾರ ಇಲ್ವೋ?"

"ಯಾವ ವಾರಾನೂ ಇಲ್ಲ ತಾಯಿ. ನಿಮಗೆ ಮಾರಿದ್ನಲ್ಲ ಬಡಗಿ, ಅವರಪ್ಪ ನಲವತ್ತು ವರ್ಷದ ಹಿಂದೇನೇ ಹಾಲಿನಕ್ಕನ ಮಾವನಿಗೆ ಪಾಳಿ ಬಿಟ್ಟುಕೊಟ್ಟುಬಿಟ್ಟ. ಒಂದು ಜೊತೆ ಎತ್ತಿಗೆ. ಎತ್ತು ಸತ್ತು ಎಷ್ಟೋ ಕಾಲ ಆಯ್ತು. ಪಾಳಿ ಅವರ ಹತ್ರಾನೇ ಉಳೀತು."

"ಅಂದ್ರೆ, ಹೊಲ ಬೇರೆ ನೀರು ಬೇರೇನಾ?"

"ನಮ್ಮಲ್ಲಿ ಹಂಗೇ."

"ನನಗೆ ಯಾರೂ ಹೇಳ್ಲಿಲ್ಲ!"

ಈಗ ದನಿ ಬಂದಿತ್ತು. ಮೂರು ಹೊಲದಾಚೆ ಕಳೆ ಕೀಳುತ್ತಿದ್ದವರು ಬೆನ್ನೆತ್ತಿ ನೋಡಿದರು. ನೀರುಗಂಟಿ ಮಾತ್ರ ನಿಜಕ್ಕೂ ಆಶ್ಚರ್ಯದಿಂದ ಅವಳ ಮುಖ ನೋಡಿದ.

"ಎಲ್ಲರಿಗೂ ಗೊತ್ತಿರೋದೇ ಅಲ್ವಾ ತಾಯಿ, ಅದನ್ನ ಬೇರೆ ಹೇಳ್ತಾರಾ?"

ಎಲ್ಲರಿಗೂ ಗೊತ್ತಿತ್ತು. ಆ ಮಾತು ಕಂಡಕ್ಟರಮ್ಮನ ಎದೆಯಲ್ಲಿ ಕೆಂಡದ ಹಾಗೆ ಕೂತಿತು.

ಅವಳೇನು ಕಣ್ಣುಮುಚ್ಚಿಕೊಂಡು ಹೊಲ ಕೊಂಡವಳಲ್ಲ. ಬೆಳಗಿನ ಏಳೂ ಇಪ್ಪತ್ತರ ಬಸ್ಸು ಈ ಊರಿನ ತಿರುವಿನಲ್ಲಿ ನಿಧಾನವಾಗುವಾಗ, ಎರಡು ಕಿಟಕಿಯ ಆ ತಗ್ಗು ಮನೆಯನ್ನೂ ಅಂಜೂರದ ಮರವನ್ನೂ ಅದರ ಕೆಳಗಿನ ಇಳಿಜಾರು ಹೊಲವನ್ನೂ ಹದಿನೇಳು ವರ್ಷ ನೋಡಿದ್ದಳು. ನಿಂತೂ ನಿಂತೂ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ನಿವೃತ್ತಿಯಾದ ಮೇಲೆ ಕೂತರೆ ಅಲ್ಲೇ ಕೂರಬೇಕು ಎಂದು ಮನಸ್ಸಿನಲ್ಲೇ ಸೀಟು ಹಿಡಿದಿಟ್ಟಿದ್ದಳು. ಮಾರಾಟಕ್ಕಿದೆ ಎಂದು ಗೊತ್ತಾದ ವಾರವೇ ಗಂಡನನ್ನು ಎಬ್ಬಿಸಿಕೊಂಡು ಬಂದಳು. ಗಡಿ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕಾಗದ ಪತ್ರಗಳನ್ನು ನೋಂದಣಿ ಕಚೇರಿಯ ಗುಮಾಸ್ತನಿಗೆ ಬೇಸರ ಬರುವಷ್ಟು ಸಲ ಓದಿಸಿದಳು. ಟಿಕೆಟ್ಟಿಲ್ಲದವನನ್ನು ಅವನ ಕಿವಿಯ ಬಣ್ಣ ನೋಡಿಯೇ ಹಿಡಿಯುತ್ತಿದ್ದ ಹೆಂಗಸು. ಒಮ್ಮೆ ಸ್ವಂತ ಅತ್ತೆಗೇ ಟಿಕೆಟ್ಟು ಹರಿದು ಕೊಟ್ಟಿದ್ದಕ್ಕೆ ಆ ಮುದುಕಿ ಆರು ತಿಂಗಳು ಮಾತು ಬಿಟ್ಟಿದ್ದು ಡಿಪೋದಲ್ಲೆಲ್ಲ ಪ್ರಸಿದ್ಧಿಯಾಗಿತ್ತು.

ಅಂಥವಳಿಗೆ ಹಾಡಹಗಲೇ ಮೋಸ ಮಾಡಿದ್ದು ನೀರು. ಹೊಲ ನೋಡಲು ಬಂದ ಮಂಗಳವಾರ ಸಾಲು ಸಾಲಿನಲ್ಲೂ ನೀರು ಬೆಳ್ಳಗೆ ಹೊಳೆಯುತ್ತಾ ಹರಿಯುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಕಾಲಿಳಿಸಿ ನಿಂತುಬಿಟ್ಟಿದ್ದಳು. "ನೀರಿಗೆ ತೊಂದರೆ ಇಲ್ಲ ತಾನೇ?" ಎಂದು ಕೇಳಿದ್ದಕ್ಕೆ ಬಡಗಿ, "ಕಣ್ಣಾರೆ ನೋಡ್ತಾ ಇದೀರಲ್ಲಮ್ಮಾ," ಎಂದಿದ್ದ. ಅವನ ಕಿವಿಗಳು ಕೆಂಪಾಗಿದ್ದವೋ ಏನೋ, ಅವಳು ನೋಡಿರಲಿಲ್ಲ. ಅವಳು ತನ್ನ ಪಾದಗಳನ್ನು ನೋಡುತ್ತಿದ್ದಳು.

ಆಮೇಲೆ ಮಳೆಗಾಲ. ಯಾರ ಪಾಳಿಯೂ ಯಾರಿಗೂ ಬೇಕಾಗದ ಕಾಲ. ಮಳೆ ನಿಂತ ಮೇಲೆ ಐದು ನೂರು ಟೊಮೆಟೊ ಸಸಿ ತಂದು, ಬೆರಳಿನಿಂದ ಗುಳಿ ಮಾಡಿ ಒಂದೊಂದನ್ನೇ ನೆಟ್ಟಿದ್ದಳು. ಈಗ ಮಣ್ಣು ಬಿರಿಯತೊಡಗಿತ್ತು. ಇನ್ನೊಂದು ವಾರ ನೀರು ಕಾಣದಿದ್ದರೆ ಸಸಿಗಳಿಲ್ಲ. ಇನ್ನೊಂದು ವರ್ಷ ಹೀಗೇ ಆದರೆ ಹೊಲವೂ ಇಲ್ಲ. ಕೆಳಗೆಲ್ಲ ಬಂಡೆ, ಬಾವಿ ತೋಡಿದರೆ ಪುಡಿಗಲ್ಲು ಸಿಗುತ್ತದೆಯೇ ಹೊರತು ತೇವ ಸಿಗುವುದಿಲ್ಲ ಎಂದು ನೀರುಗಂಟಿಯೇ ಹೇಳಿದ.

ಕಂಡಕ್ಟರಮ್ಮ ಗುದ್ದಲಿಯನ್ನು ಹೆಗಲಿಗೇರಿಸಿ ನೇರ ಹಾಲಿನಕ್ಕನ ಕೊಟ್ಟಿಗೆಗೆ ನಡೆದಳು.

ಹಾಲಿನಕ್ಕನಿಗೆ ಅವಳಿಗಿಂತ ಐದಾರು ವರ್ಷ ಹೆಚ್ಚು. ಎಂಟು ಹಸು, ಒಬ್ಬ ಮಗ, ಮುರಿದು ಕೂಡಿಕೊಂಡ ಒಂದು ಮಣಿಕಟ್ಟು. ಇವರು ಸಾಮಾನು ಇಳಿಸಿದ ಮೊದಲ ಬೆಳಗು, ಒಲೆಯನ್ನು ಎಲ್ಲಿಡುವುದೆಂದು ಗಂಡ ಹೆಂಡತಿ ಇನ್ನೂ ವಾದ ಮಾಡುತ್ತಿರುವಾಗಲೇ, ಬಾಗಿಲ ಬಳಿ ಕಾಯಿಸಿದ ಹಾಲು ಬಂದಿತ್ತು. ಕಾಯಿಸಿದ ಹಾಲು! ಒಲೆ ಹೂಡಿರುವುದಿಲ್ಲ ಎಂದು ಯೋಚಿಸಿ ಕಾಯಿಸಿಯೇ ತಂದಿದ್ದಳು ಆ ಹೆಂಗಸು. ಅದನ್ನು ನೆನೆದಷ್ಟೂ ಕಂಡಕ್ಟರಮ್ಮನಿಗೆ ಇನ್ನಷ್ಟು ಉರಿಯಿತು.

"ಅಕ್ಕಾ, ನಾವು ಹೊಲ ನೋಡೋಕೆ ಬಂದ ದಿನ ನಮ್ಮ ಸಾಲಲ್ಲಿ ಹರೀತಿದ್ದದ್ದು ಯಾರ ನೀರು?"

ಹಾಲಿನಕ್ಕ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ನನ್ನದು."

"ಯಾಕೆ ಬಿಟ್ರಿ?"

"ಬಡಗಿ ಬಂದು ಕಣ್ಣೀರು ಹಾಕ್ದ. ಅವನ ಹೆಂಡತಿ ಹೊಟ್ಟೆ ಕೊಯ್ಯಬೇಕು ಅಂದಿದ್ರು, ಆಸ್ಪತ್ರೆಯವರು ವಾರದ ಗಡುವು ಕೊಟ್ಟಿದ್ರು. ಹೊಲ ಒಣಗಿ ಕೂತಿದ್ರೆ ಯಾರು ತಗೋತಾರಕ್ಕ, ಒಂದೇ ಒಂದು ದಿನ ನಿನ್ನ ನೀರು ಬಿಡು ಅಂದ. ನನ್ನ ನೀರು, ನಾನು ಬಿಟ್ಟೆ. ಅವಳು ಬದುಕಿದ್ಲು. ತಪ್ಪಾ?"

"ಅವಳು ಬದುಕಲಿ, ನೂರು ವರ್ಷ ಬದುಕಲಿ! ಅದಕ್ಕೆ ನನ್ನ ಕಣ್ಣಿಗೆ ಮಣ್ಣೆರಚಬೇಕಿತ್ತಾ?"

"ದನಿ ತಗ್ಗಿಸು, ಹಸು ಬೆದರುತ್ತೆ."

"ಬೆದರಲಿ! ನಿಮ್ಮ ಹಸುಗಿರೋ ಮರ್ಯಾದೆ ನನಗಿಲ್ವಾ ಈ ಊರಲ್ಲಿ?"

ಹಾಲಿನಕ್ಕ ಎದ್ದು ನಿಂತಳು. ಅವಳಿಗೂ ಸಿಟ್ಟು ಬಂದಿತ್ತು. ಮಾಡಿದ ಒಳ್ಳೆಯ ಕೆಲಸವನ್ನು ಯಾರಾದರೂ ಪ್ರಶ್ನಿಸಿದಾಗ ಬರುವ ಸಿಟ್ಟು, ಅದು ಬೇರೆಲ್ಲ ಸಿಟ್ಟಿಗಿಂತ ಖಾರ. "ನೋಡಮ್ಮಾ, ನನಗೂ ಮನಸ್ಸು ತಡೀಲಿಲ್ಲ. ನೀನು ನೀರಲ್ಲಿ ಆಟ ಆಡ್ತಿದ್ದಾಗ ನಿನ್ನ ಗಂಡ ಮರದ ಕೆಳಗೆ ಕೂತಿದ್ರಲ್ಲ, ಅವರ ಹತ್ರ ಹೋಗಿ ಎಲ್ಲಾ ಹೇಳ್ದೆ. ಈ ನೀರು ನಂದು, ಈ ಹೊಲಕ್ಕೆ ಪಾಳಿ ಇಲ್ಲ, ಯೋಚನೆ ಮಾಡಿ ತಗೊಳಿ ಅಂದೆ. ನಾನು ಅವಳಿಗೆ ಹೇಳ್ತೀನಿ ಅಂದ್ರು. ಹೇಳ್ಲಿಲ್ವಾ?"

ಕಂಡಕ್ಟರಮ್ಮ ಗುದ್ದಲಿಯನ್ನು ಕೆಳಗಿಳಿಸಿದಳು. ಹಾಲಿನಕ್ಕನಿಗೆ ಉತ್ತರ ತಿಳಿಯಿತು. ಒಂದು ಹೆಜ್ಜೆ ಮುಂದೆ ಬಂದು, "ಎರಡು ಗಂಟೆ ಬಿಡ್ತೀನಿ ಬಿಡು, ವಾರಕ್ಕೆ. ಸಸಿ ಉಳಿಸ್ಕೋ," ಎಂದಳು ಮೆಲ್ಲಗೆ.

"ನಿಮ್ಮ ಭಿಕ್ಷೆ ನನಗೆ ಬೇಡ!"

ಹಸು ಬೆದರಿ ಹಾಲಿನ ಪಾತ್ರೆ ಒದ್ದಿತು.

ಮನೆಯಲ್ಲಿ ಗಂಡ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು, ನೀರುಗಂಟಿಯದೇ ಒಂದು ಅಂಗಿಯ ಕಾಲರು ತಿರುಗಿಸಿ ಹೊಲಿಯುತ್ತಿದ್ದ. ನಲವತ್ತು ವರ್ಷದ ದರ್ಜಿ. ಊರಿಗೆ ಬಂದ ಹದಿನೈದು ದಿನದೊಳಗೆ ಎಲ್ಲರಿಗೂ ಟೈಲರಣ್ಣ ಆಗಿಬಿಟ್ಟಿದ್ದ. ಗುಂಡಿ ಹಾಕಿದ್ದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಅವನ ಬಾಯಿಂದ ಗಟ್ಟಿಯಾದ ಒಂದು ಮಾತು ಹೊರಟಿದ್ದನ್ನು ಯಾರೂ ಕೇಳಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

ಯಂತ್ರ ನಿಂತಿತು. ಅವನು ಸೂಜಿಯನ್ನೇ ನೋಡುತ್ತಿದ್ದ. ಗೊತ್ತಿರಲಿಲ್ಲ ಎನ್ನುವವನು ಮೊದಲು ಏನು ಎಂದು ಕೇಳುತ್ತಾನೆ, ಅವನು ಕೇಳಲಿಲ್ಲ.

"ಹೇಳೋಣ ಅಂತಾನೇ ಎದ್ದು ಬಂದೆ ಕಣೇ. ನೀನು ನೀರಲ್ಲಿ ನಿಂತಿದ್ದೆ. ಮದುವೆ ಆದಾಗಿಂದ ನಿನ್ನ ಮುಖ ಹಾಗೆ ನಾನು ನೋಡೇ ಇರ್ಲಿಲ್ಲ. ಬಾಯಿ ಬರ್ಲಿಲ್ಲ."

"ನನ್ನ ಮುಖ ಚೆನ್ನಾಗಿ ಕಾಣ್ಲಿ ಅಂತ ನನ್ನ ಹೊಲ ಸುಟ್ರಾ?"

"ಜನ ಒಳ್ಳೆಯವರಿದಾರೆ, ಹೇಗೋ ನಡೆಯುತ್ತೆ ಅಂದ್ಕೊಂಡೆ."

"ಒಳ್ಳೆಯವರು!" ಅವಳು ಗುದ್ದಲಿಯನ್ನು ಬಾಗಿಲಿನ ಮೂಲೆಗೆ ಎಸೆದಳು. "ಬಡಗಿ ಒಳ್ಳೆಯವನು, ಹೆಂಡತಿ ಉಳಿಸ್ಕೊಂಡ. ಹಾಲಿನಕ್ಕ ಒಳ್ಳೆಯವಳು, ಅವನಿಗೆ ನೀರು ಬಿಟ್ಲು. ನೀವಂತೂ ಕೇಳೋದೇ ಬೇಡ, ಒಳ್ಳೆಯತನದ ಮೂಟೆ! ಎಲ್ಲರೂ ಸುಖವಾಗಿ ಕೂತು ಪ್ರಯಾಣ ಮಾಡಿದ್ರಿ. ಎಲ್ಲರ ಟಿಕೆಟ್ಟು ನನ್ನ ಕೈಲಿ ತೆಗೆಸಿದ್ರಿ. ಒಬ್ಬರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

ಅವನು ಏನೋ ಹೇಳಲು ಬಾಯಿ ತೆರೆದ.

"'ಹೋಗ್ಲಿ ಬಿಡು' ಅಂದ್ರೆ ನೋಡಿ ಮತ್ತೆ!"

ಅವನು ಬಾಯಿ ಮುಚ್ಚಿದ. ಅವತ್ತಿನಿಂದ ಆ ಮನೆಯಲ್ಲಿ ಅವಳು ಅವನ ಜೊತೆ ಮಾತಾಡುವುದನ್ನು ನಿಲ್ಲಿಸಿದಳು. ತಟ್ಟೆ ಇಡುತ್ತಿದ್ದಳು, ಲೋಟ ಇಡುತ್ತಿದ್ದಳು, ಎರಡೂ ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ.

ವಿಷಯ ಊರೆಲ್ಲ ಹರಡಿತು. ಹರಡಿದ ಮೇಲೆ ಶುರುವಾಯಿತು ನೋಡಿ, ಊರಿನವರ ಕರುಣೆ. ಬುಧವಾರ ಬೆಳಿಗ್ಗೆ ಅವಳು ಎದ್ದು ನೋಡಿದರೆ ಹೊಲದ ಅಂಚಿನಲ್ಲಿ ನೀರು ತುಂಬಿದ ನಾಲ್ಕು ಕೊಡ. ಯಾರಿಟ್ಟರೋ ತಿಳಿಯದು. ಹಿಟ್ಟಿನ ಗಿರಣಿಯವಳು ದಾರಿಯಲ್ಲಿ ತಡೆದು, "ಬೇಜಾರು ಮಾಡ್ಕೋಬೇಡಿ ಕಂಡಕ್ಟರಮ್ಮಾ, ಹಾಲಿನಕ್ಕನ ಮನಸ್ಸು ಬೆಣ್ಣೆ. ಒಂದು ಸಲ ನಕ್ಕು ಮಾತಾಡಿಸಿ, ನೀರು ತಾನಾಗೇ ಬರುತ್ತೆ," ಎಂದಳು. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತೇ. ಆದರೆ ಕಂಡಕ್ಟರಮ್ಮನಿಗೆ ಮುಂದಿನ ಇಪ್ಪತ್ತು ವರ್ಷ ಕಣ್ಣೆದುರು ಬಂತು: ಪ್ರತಿ ಮಂಗಳವಾರ ನಗುವುದು, ಹಸುವಿನ ಆರೋಗ್ಯ ವಿಚಾರಿಸುವುದು, ಕೋಪ ಬಂದರೆ ನುಂಗಿಕೊಳ್ಳುವುದು. ಅವಳಿಗೆ ನಗಲು ಬರುವುದಿಲ್ಲವೆಂದಲ್ಲ. ನೀರಿಗಾಗಿ ನಗಲು ಬರುವುದಿಲ್ಲ.

ಗುರುವಾರ ಕಾಲುವೆಯಲ್ಲಿ ಮತ್ತೆ ಹಾಲಿನಕ್ಕನ ನೀರು ಹರಿಯಿತು. ಕಂಡಕ್ಟರಮ್ಮನ ಹಲಗೆಯ ಕೆಳಗೆ ಎರಡು ಬೆರಳಿನಷ್ಟು ಸಂದು ಬಿಟ್ಟು, ನೀರುಗಂಟಿ ಏನೂ ಅರಿಯದವನ ಹಾಗೆ ಆಚೆ ಹೋಗಿ ಬೆನ್ನು ಹಾಕಿ ಕೂತಿದ್ದ. ಸಣ್ಣ ಎಳೆಯೊಂದು ಸೋರಿ, ಮೊದಲ ಸಾಲಿನ ಸಸಿಗಳ ಕಡೆ ಹೊರಟಿತ್ತು. ಹೊಲದಲ್ಲಿ ಸಸಿಗಳು ತಲೆ ಬಗ್ಗಿಸಿ ನಿಂತಿದ್ದವು. ಕಂಡಕ್ಟರಮ್ಮ ಆ ಎಳೆಯನ್ನು ನೋಡಿದಳು, ಸಸಿಗಳನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಜೇಡಿಮಣ್ಣು ಬಾಚಿ ತಂದು ಆ ಸಂದನ್ನು ಮೆತ್ತಿ ಮುಚ್ಚಿದಳು.

"ಯಾಕೆ ತಾಯಿ?" ಎಂದ ನೀರುಗಂಟಿ ತಿರುಗದೆಯೇ.

"ನನ್ನ ನೀರಲ್ಲ ಅದು."

"ನೀರಿಗೇನು ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತೆ."

ಶನಿವಾರ ಅವಳು ಬಸ್ಸು ಹತ್ತಿದಳು. ಬಡಗಿ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನೆಲ್ಲ ತುಟಿಯೊಳಗೇ ಹದ ಮಾಡಿಕೊಂಡಳು. ಮೆಟ್ಟಿಲು ಹತ್ತಿ ಬಾಗಿಲು ಬಡಿದಾಗ ಬಡಗಿಯೇ ತೆರೆದ. ಅವಳನ್ನು ಕಂಡು ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಒಂದು ತೆಳ್ಳನೆಯ ದನಿ ಬಂತು: "ಯಾರ್ರೀ ಅದು? ನಮ್ಮ ಮನೆ ತಗೊಂಡ ಅಮ್ಮಾನಾ? ಒಳಗೆ ಕರೀರಿ."

ಒಂದೇ ಕಿಟಕಿಯ ಕೋಣೆ. ಬಡಗಿಯ ಹೆಂಡತಿ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಕೈಗಳು ಕಡ್ಡಿಯಾಗಿದ್ದವು. ಬೆನ್ನ ಹಿಂದಿನ ಎರಡು ದಿಂಬಿನಲ್ಲಿ ಒಂದನ್ನು ಕಷ್ಟಪಟ್ಟು ಎಳೆದು, ಬಂದವಳ ಕುರ್ಚಿಗೆ ಇರಲಿ ಎಂದು ಚಾಚಿದಳು. "ಅಂಜೂರ ಹಣ್ಣಾಯ್ತಾ? ಮೂಲೆ ಕೋಣೆ ಮಳೆಗಾಲದಲ್ಲಿ ಸೋರುತ್ತಮ್ಮಾ, ಹೇಳೋದೇ ಮರ್ತಿದ್ದೆ. ಅಲ್ಲೊಂದು ಪಾತ್ರೆ ಇಟ್ಬಿಡಿ. ಸೋರೋ ಮನೆ ಮಾರಿ ಬಂದ್ವಲ್ಲ ಅಂತ ನನಗೆ ನಿದ್ದೇನೇ ಬರ್ಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು: "ಆ ನೀರಿನ ಪಾಳಿ ವಿಷಯ ಇವರು ಹೇಳಿದಾರಲ್ಲ ನಿಮಗೆ? ಎಲ್ಲಾ ಹೇಳಿಯೇ ಮಾರಿದೀನಿ ಅಂದ್ರು."

ಬಡಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಕಂಡಕ್ಟರಮ್ಮ ಆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಿಂಬು ಇನ್ನೂ ಬೆಚ್ಚಗಿತ್ತು. "ಹೇಳಿದಾರಮ್ಮಾ," ಎಂದಳು. "ಎಲ್ಲಾ ಹೇಳಿದಾರೆ. ನೀವು ಮಲಗಿ."

ತನ್ನ ಬಾಯಿಂದಲೇ ಆ ಮಾತು ಬಂದದ್ದು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು. ನೋಡಿದಿರಾ, ಎಷ್ಟು ಸುಲಭ! ಎದುರಿಗೊಂದು ಮುಖ, ಒಂದು ಮೆತ್ತನೆಯ ಸುಳ್ಳು, ಬೆಲೆ ತೆರುವವರು ಇನ್ನೆಲ್ಲೋ. ಬಡಗಿಯನ್ನು ಬೀದಿಗೆ ಎಳೆದುಕೊಂಡು ಬಂದು, ಮೇಲಿನ ಕಿಟಕಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಮಾತಾಡಿದಳು. ಮೂವತ್ತೊಂದು ವರ್ಷದಲ್ಲಿ ಅಷ್ಟು ಮೆಲ್ಲಗೆ ಅವಳು ಯಾರನ್ನೂ ಬೈದಿರಲಿಲ್ಲ.

"ನನ್ನ ಕೈಲೂ ಸುಳ್ಳು ಹೇಳಿಸಿದ್ಯಲ್ಲೋ, ಪಾಪಿ!"

"ಕಾಲಿಗೆ ಬೀಳ್ತೀನಮ್ಮಾ. ಹೊಲ ವಾಪಸ್ ತಗೊಳ್ಳೋ ಶಕ್ತಿ ನನಗಿಲ್ಲ. ಬಂದಿದ್ದೆಲ್ಲ ಆಸ್ಪತ್ರೆಗೆ..."

"ಕಾಲೂ ಬೇಡ, ಕೈಯೂ ಬೇಡ. ಮಂಗಳವಾರ ಬೆಳಗಿನ ಬಸ್ಸಿಗೆ ಬಾ. ಹಲಗೆ ಹತ್ರ ನಿಂತು ನೀನು ಮಾಡಿದ್ದನ್ನ ಎಲ್ಲರ ಮುಂದೆ ಹೇಳು. ಎಲ್ಲರಿಗೂ ಗೊತ್ತಿದ್ದು ಯಾರ ಬಾಯಲ್ಲೂ ಬರದೇ ಇರೋದು ಇದೆಯಲ್ಲ, ಅದನ್ನ ಒಂದ್ಸಲ ಒಬ್ಬರು ಬಾಯಿ ಬಿಟ್ಟು ಹೇಳೋದನ್ನ ನಾನು ಕೇಳ್ಬೇಕು."

ಅವನು ಬಂದ. ಅದೊಂದನ್ನು ಅವನ ಲೆಕ್ಕಕ್ಕೆ ಜಮೆ ಮಾಡಲೇಬೇಕು. ಏಳೂ ಇಪ್ಪತ್ತರ ಬಸ್ಸಿನಿಂದ ಇಳಿದು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಕಾಲುವೆಯ ದಂಡೆಗೆ ಬಂದ. ಹದಿನೈದಿಪ್ಪತ್ತು ಜನ ಸೇರಿದ್ದರು. ಗಿರಣಿಯವಳಿದ್ದಳು, ನೀರುಗಂಟಿಯಿದ್ದ, ಹಾಲಿನಕ್ಕ ಕೈಕಟ್ಟಿ ನಿಂತಿದ್ದಳು. ದರ್ಜಿ ಸ್ವಲ್ಪ ದೂರದಲ್ಲಿ, ಯಾರ ಕಡೆಗೂ ಸೇರದವನ ಹಾಗೆ ನಿಂತಿದ್ದ. ಬಡಗಿ ನಡುಗುವ ದನಿಯಲ್ಲಿ ಎಲ್ಲವನ್ನೂ ಹೇಳಿದ. ಹೊಲಕ್ಕೆ ಪಾಳಿ ಇಲ್ಲವೆಂದು ಗೊತ್ತಿದ್ದೂ ಬೇರೆಯವರ ನೀರು ತೋರಿಸಿ ಮಾರಿದೆ, ಈ ಅಮ್ಮ ಕೇಳಿದಾಗ ನೇರ ಉತ್ತರ ಕೊಡಲಿಲ್ಲ, ತಪ್ಪಾಯಿತು.

ಕಂಡಕ್ಟರಮ್ಮ ಕಾದಳು. ಯಾತಕ್ಕಾಗಿ ಕಾದಳೋ ಅವಳಿಗೇ ಗೊತ್ತಿರಲಿಲ್ಲ.

"ಪಾಪ, ಎಷ್ಟು ಸೊರಗಿಬಿಟ್ಟಿದೀಯೋ," ಎಂದಿತು ಒಂದು ದನಿ.

"ಹೆಂಡ್ತಿ ಹೇಗಿದಾಳೆ?"

"ಬೆಳಿಗ್ಗೆ ಏನಾದ್ರೂ ತಿಂದ್ಯಾ? ಬಾ ಬಾ, ಟೀ ಕುಡಿ."

ಜನ ಅವನನ್ನು ಸುತ್ತುವರಿದು, ಒಬ್ಬ ಹೆಗಲ ಮೇಲೆ ಕೈ ಹಾಕಿ, ಇನ್ನೊಬ್ಬ ಅವನ ಟೋಪಿ ಹಿಡಿದುಕೊಂಡು, ಮೆರವಣಿಗೆಯ ಹಾಗೆ ಕರೆದೊಯ್ದರು. ಕಂಡಕ್ಟರಮ್ಮ ಬಾಯಿ ತೆರೆದು ನಿಂತಳು.

"ಅವನಿಗೆ ಟೀ!" ಎಂದು ಅಬ್ಬರಿಸಿದಳು. "ನನಗೇನ್ರೋ?"

"ನೀವೂ ಬನ್ನಿ ಕಂಡಕ್ಟರಮ್ಮಾ," ಎಂದ ಹಿಂದೆ ಉಳಿದ ಒಬ್ಬ, ಅತ್ಯಂತ ಪ್ರೀತಿಯಿಂದ.

ಅವಳು ಗುದ್ದಲಿಯನ್ನು ನೆಲಕ್ಕೆ ಕುಕ್ಕಿದಳು. ಆ ಮನುಷ್ಯ ಬದುಕಿದ್ದು ಅವನ ಪುಣ್ಯ. ಇಷ್ಟು ದಿನ ಅವಳು ಆ ಒಂದು ಮಾತು ಹೊರಬಂದರೆ ಸಾಕು ಎಂದುಕೊಂಡಿದ್ದಳು. ಮಾತು ಹೊರಬಂತು, ಟೀ ಕುಡಿಯಲು ಹೋಯಿತು. ಹೊಲ ಹಾಗೇ ಒಣಗಿ ಬಿದ್ದಿತ್ತು. ಅರ್ಧಕ್ಕರ್ಧ ಸಸಿಗಳ ಎಲೆ ಸುರುಟಿಕೊಂಡು ಹಗ್ಗದ ಹಾಗಾಗಿತ್ತು.

ದಂಡೆಯ ಮೇಲೆ ಈಗ ಉಳಿದದ್ದು ನಾಲ್ಕೇ ಜನ.

"ಸಮಾಧಾನ ಆಯ್ತಾ?" ಎಂದಳು ಹಾಲಿನಕ್ಕ. "ಕಾಯಿಲೆ ಹೆಂಡ್ತೀನ ಬಿಟ್ಟು ಬಂದ ಅವನು. ನನ್ನನ್ನೂ ಎಲ್ಲರ ಮುಂದೆ ಕಳ್ಳಿ ಮಾಡಿದ್ದಾಯ್ತು."

"ನೀವು ಕಳ್ಳಿ ಆಗಿದ್ರೆ ಸುಲಭ ಇತ್ತು ಅಕ್ಕ. ಕೈ ಹಿಡಿದು ಬಸ್ಸಿಂದ ಇಳಿಸ್ತಿದ್ದೆ."

"ಎರಡು ಗಂಟೆ ಬಿಡ್ತೀನಿ ಅಂತ ಅವತ್ತೇ ಅಂದೆ. ಭಿಕ್ಷೆ ಅಂದೆ ನೀನು. ನಿನಗೆ ಇನ್ನೇನು ಬೇಕು?"

"ಬಿಡೋದು ಬೇಡ. ಬಿಟ್ಟಿದ್ದನ್ನ ನಾಳೆ ಮುನಿಸಿಕೊಂಡ್ರೆ ನಿಲ್ಲಿಸ್ತೀರಿ. ನೀವು ನಿಲ್ಲಿಸಲಿಲ್ಲ ಅಂದ್ರೆ ನಿಮ್ಮ ಮಗ ನಿಲ್ಲಿಸ್ತಾನೆ. ನಾನು ಸಾಯೋವರೆಗೂ ನಿಮ್ಮ ಮುಖ ನೋಡಿ ನಗ್ತಾ ಇರ್ಬೇಕು." ಅವಳು ಗುದ್ದಲಿಯಿಂದ ಇಳಿಜಾರಿನ ತುದಿಯನ್ನು ತೋರಿಸಿದಳು. "ನನ್ನ ಕೆಳಗಿನ ಪಟ್ಟಿ ನೋಡಿ. ಮೇಲಿನ ಹೊಲಗಳ ಜಿನುಗು ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತೆ. ನನ್ನ ಟೊಮೆಟೊಗೆ ಅದು ವಿಷ, ಬೇರು ಕೊಳೆಯುತ್ತೆ. ನಿಮ್ಮ ಹಸುಗೆ ಹುಲ್ಲು ಬೆಳೆಯೋಕೆ ಅದಕ್ಕಿಂತ ಒಳ್ಳೇ ಜಾಗ ಈ ಊರಲ್ಲಿಲ್ಲ. ಪಟ್ಟಿ ತಗೊಳಿ. ಮಂಗಳವಾರ ಕೊಡಿ."

ಹಾಲಿನಕ್ಕನ ಕಣ್ಣು, ಅವಳಿಗೆ ಬೇಡವಾಗಿದ್ದರೂ, ಕೆಳಗಿನ ಪಟ್ಟಿಯ ಕಡೆ ಹೋಯಿತು. ಇಪ್ಪತ್ತು ವರ್ಷದಿಂದ ಅವಳು ಆ ಪಟ್ಟಿಯ ಮೇಲೆ ಕಣ್ಣಿಟ್ಟಿದ್ದಳು. ಬಡಗಿಯನ್ನು ಕೇಳಲು ಸಂಕೋಚಪಟ್ಟು ಸುಮ್ಮನಿದ್ದಳು.

"ಇಡೀ ಮಂಗಳವಾರ ಕೊಡೋಕಾಗಲ್ಲ. ಅರ್ಧ."

"ಬೆಳಗಿಂದ ಹನ್ನೆರಡರವರೆಗೆ ನಂದು."

"ಹನ್ನೊಂದು."

"ಹನ್ನೆರಡು!"

"ಹನ್ನೊಂದೂವರೆ. ಅದಕ್ಕಿಂತ ಒಂದು ನಿಮಿಷ ಹೆಚ್ಚು ಕೊಡಲ್ಲ, ಕೂಗಿದ್ರೆ ಹನ್ನೊಂದಕ್ಕೇ ಇಳಿಸ್ತೀನಿ."

"ಹನ್ನೊಂದೂವರೆ. ಬರವಣಿಗೆಯಲ್ಲಿ ಬೇಕು. ನಾಳೆ ನೋಂದಣಿ ಕಚೇರಿಗೂ ಹೋಗೋಣ."

"ನಡಿ, ನಾನೇನು ಹೆದರ್ತೀನಾ?"

ಬರೆಯುವವರು ಬೇಕಿತ್ತು. ಕಂಡಕ್ಟರಮ್ಮ ಗಂಡನ ಕಡೆ ತಿರುಗದೆಯೇ ನೀರುಗಂಟಿಗೆ ಹೇಳಿದಳು, "ಅಲ್ಲಿ ನಿಂತಿರೋರಿಗೆ ಬರೆಯೋಕೆ ಬರುತ್ತೆ, ಕೇಳು." ದರ್ಜಿ ಜೇಬಿನಿಂದ ಅಳತೆಯ ಪುಸ್ತಕವನ್ನೂ ಪೆನ್ಸಿಲ್ಲನ್ನೂ ತೆಗೆದು, ಯಾರದೋ ತೋಳಿನ ಅಳತೆಯ ಪಕ್ಕದ ಖಾಲಿ ಪುಟದಲ್ಲಿ ಮೊಣಕಾಲಿನ ಮೇಲಿಟ್ಟುಕೊಂಡು ಬರೆದ. ಬರೆದು ಓದಿದ: "ಕೆಳಗೆ ರುಜು ಮಾಡಿರುವ ನಾವಿಬ್ಬರು, ಪರಸ್ಪರ ಪ್ರೀತಿ ವಿಶ್ವಾಸಗಳಿಂದ..."

"ಅದನ್ನ ಹೊಡೆದು ಹಾಕೋಕೆ ಹೇಳು," ಎಂದಳು ಕಂಡಕ್ಟರಮ್ಮ.

"ಹೌದು, ಹೊಡೆದು ಹಾಕಿ ಟೈಲರಣ್ಣಾ," ಎಂದಳು ಹಾಲಿನಕ್ಕ. "ನನಗೂ ಇಲ್ಲ."

ಅವನು ಪ್ರೀತಿಯನ್ನೂ ವಿಶ್ವಾಸವನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದ. ಇಬ್ಬರೂ ರುಜು ಮಾಡಿದರು. ಮಣಿಕಟ್ಟು ನೋಯುತ್ತಿದ್ದ ಹಾಲಿನಕ್ಕನಿಗೆ ಪೆನ್ಸಿಲ್ಲು ಜಾರುತ್ತಿದ್ದಾಗ ಕಂಡಕ್ಟರಮ್ಮ ಪುಸ್ತಕದ ಅಂಚನ್ನು ಅಲುಗದ ಹಾಗೆ ಹಿಡಿದಳು. ಮುಖ ಮಾತ್ರ ಆಚೆ ತಿರುಗಿಸಿಕೊಂಡೇ ಇದ್ದಳು. ನೀರುಗಂಟಿ ಕಾಲುವೆಯ ಕೆಸರಲ್ಲಿ ಅದ್ದಿ ಸಾಕ್ಷಿಯ ಹೆಬ್ಬೆಟ್ಟು ಒತ್ತಿದ.

"ಗಂಟೆ ಎಂಟೂ ಹತ್ತು," ಎಂದಳು ಹಾಲಿನಕ್ಕ ಸೆಟೆದು. "ಇವತ್ತಿನಿಂದಲೇ ಲೆಕ್ಕ. ಹನ್ನೊಂದೂವರೆಗೆ ಬರ್ತೀನಿ." ಹಿಂದಿರುಗಿ ನೋಡದೆ ಹೊರಟುಹೋದಳು.

ನೀರುಗಂಟಿ ಹಲಗೆಗೆ ಕೈ ಹಾಕಿದ.

"ಬಿಡು. ಅದನ್ನ ನಾನೇ ಎತ್ತಬೇಕು."

ಕಂಡಕ್ಟರಮ್ಮ ಮಂಡಿಯೂರಿದಳು. ಹಲಗೆ ಉಬ್ಬಿ ಕಚ್ಚಿಕೊಂಡಿತ್ತು. ಎರಡು ಸಲ ಎಳೆದ ಮೇಲೆ ಕಿತ್ತು ಬಂತು. ನೀರು ಒಮ್ಮೆ ತಡೆದು, ಮೂತಿ ಚಾಚಿ, ಆಮೇಲೆ ಹೊಲದೊಳಗೆ ನುಗ್ಗಿತು. ಒಣಮಣ್ಣು ಚುರ್ರೆಂದು ಸದ್ದು ಮಾಡಿ ಕುಡಿಯತೊಡಗಿತು. ಬದುಕಿದ ಸಸಿಗಳ ಬುಡಕ್ಕೂ ಸತ್ತ ಸಸಿಗಳ ಬುಡಕ್ಕೂ ನೀರು ಒಂದೇ ಸಮ ಹರಿಯಿತು. ಈ ಸಲ ಅವಳು ಚಪ್ಪಲಿ ಬಿಡಲಿಲ್ಲ, ಕಾಲಿಳಿಸಲಿಲ್ಲ. ಸತ್ತವನ್ನು ಕಿತ್ತು ಕಿತ್ತು ಬದುವಿನ ಮೇಲೆ ಎಸೆಯುತ್ತಾ ಹೋದಳು. ಪ್ರತಿಯೊಂದನ್ನು ಎಸೆಯುವಾಗಲೂ ಯಾರನ್ನೋ ಬೈಯುತ್ತಿದ್ದಳು: ಬಡಗಿಯನ್ನು, ಅವನ ಅಪ್ಪನನ್ನು, ಎಂದೋ ಸತ್ತ ಆ ಎತ್ತುಗಳನ್ನು.

ದರ್ಜಿ ಬಿದ್ದಿದ್ದ ಗುದ್ದಲಿಯನ್ನು ಎತ್ತಿಕೊಂಡು ಬಂದ. ಜೀವಮಾನದಲ್ಲಿ ಸೂಜಿಗಿಂತ ಭಾರವಾದದ್ದನ್ನು ಹಿಡಿದು ಅಭ್ಯಾಸವಿಲ್ಲದ ಕೈ. ಮೂರನೆಯ ಸಾಲು ತುಂಬಿತ್ತು. ಅದನ್ನು ಕಟ್ಟಿ ನಾಲ್ಕನೆಯದನ್ನು ತೆರೆಯಬೇಕಿತ್ತು. ಅವನು ಐದನೆಯದಕ್ಕೆ ಗುದ್ದಲಿ ಹಾಕಿದ. ನೀರು ಹಾದಿ ತಪ್ಪಿ ಬದುವಿನ ಕಡೆ ತಿರುಗಿತು.

"ಅಲ್ಲಲ್ರೀ! ಕಣ್ಣು ಕಾಣಲ್ವಾ? ಈ ಸಾಲು, ಈ ಸಾಲು!"

ಒಂದು ವಾರದ ಮೇಲೆ ಹೆಂಡತಿ ತನ್ನ ಜೊತೆ ಆಡಿದ ಮೊದಲ ಮಾತನ್ನು ಕೇಳಿ ಅವನು ತಬ್ಬಿಬ್ಬಾಗಿ ನಿಂತುಬಿಟ್ಟ. ನೀರು ಅವನ ಪಾದದ ಮೇಲೆ ಹರಿಯುತ್ತಿತ್ತು.

"ಸಿಟ್ಟು ಇಳೀತು ಅಂದ್ಕೋಬೇಡಿ," ಎಂದಳು ಅವಳು, ಇನ್ನೊಂದು ಸತ್ತ ಸಸಿಯನ್ನು ಬೇರುಸಹಿತ ಕೀಳುತ್ತಾ. "ಅದು ಇಳಿಯೋದು ನನಗೇ ಗೊತ್ತಿಲ್ಲ ಯಾವಾಗ ಅಂತ. ಮಣ್ಣು ಹಾಕಿ, ಬೇಗ. ಹನ್ನೊಂದೂವರೆಗೆ ಆ ಹೆಂಗಸು ಬಂದು ನಿಲ್ತಾಳೆ, ಒಂದು ನಿಮಿಷ ಹೆಚ್ಚು ಕೊಡಲ್ಲ."